ಕೊಕ್ಕೆ ಮುರಿದ ರಿವಾಲ್ವರ್

ನೆರೆಯವರ ಡಬ್ಬಿಯನ್ನು ಖಾಲಿಯಾಗಿ ವಾಪಸು ಕೊಟ್ಟ ಮನೆಯಲ್ಲ ಕುರುಗೋಡಿನ ಕೊಟ್ರಬಸಪ್ಪನದು. ಚಿಟಿಕೆ ಸಕ್ಕರೆಯಾದರೂ ಹಾಕಲೇಬೇಕು. ಅದೇ ಪದ್ಧತಿ ಹಿಡಿದು ಅವನ ತಾಯಿ ಹೊನ್ನೂರಮ್ಮ ಆಯುಧಪೂಜೆಯ ದಿನ ಗಂಡನ ಕಾಲದ ರಿವಾಲ್ವರಿಗೂ ಒಂದು ಗುಂಡು ತುಂಬಿಬಿಟ್ಟಿದ್ದಳು. ಪುಣ್ಯಾತ್ಗಿತ್ತಿ, ಮಗನಿಗೆ ಒಂದು ಮಾತು ಹೇಳಬಾರದೆ? ಪೂಜೆ ಮುಗಿದ ಮೇಲೆ ಅವನು ತಮಾಷೆಗೆ ಟ್ರಿಗರ್ ಎಳೆದ. ಟಕ್ ಎಂದಿತು. ಗುಂಡಿನ ಚಕ್ರ ಸಿಕ್ಕಿಕೊಂಡಿತು.

"ಖಾಲಿ ಇಟ್ಟು ಪೂಜಿ ಮಾಡಬಾರದಪ್ಪ, ಒಂದು ಹಾಕೀನಿ," ಎಂದು ಮುದುಕಿ ಸಂಜೆ ಹೇಳಿದಾಗ ಅವನು ರಿವಾಲ್ವರನ್ನು ಬೀರುವಿನಲ್ಲಿಟ್ಟು ಬೀಗ ಹಾಕಿದ. ಆರು ತೂತು, ಒಂದೇ ಗುಂಡು. ಅದು ಬೇರೆ ತೂತಿನಲ್ಲಿತ್ತು ಎಂದು ಸಮಾಧಾನ ಮಾಡಿಕೊಂಡ. ಆದರೆ ಗುಂಡು ಒಳಗೇ ಉಳಿದಿತ್ತು, ಚಕ್ರ ತಿರುಗುತ್ತಿರಲಿಲ್ಲ.

ಬಳ್ಳಾರಿಯ ಬ್ರೂಸ್‌ಪೇಟೆಯಲ್ಲಿ ಬಂದೂಕು ರಿಪೇರಿ ಮಾಡುವ ಸಿದ್ದಲಿಂಗೇಶನ ಮುಂದೆ ಅದನ್ನಿಟ್ಟಾಗಲೂ ಗುಂಡಿನ ವಿಷಯ ಬಾಯಿಗೆ ಬರಲಿಲ್ಲ. ಲೈಸೆನ್ಸ್ ಹೋದೀತು, ತಾಯಿಯನ್ನು ಠಾಣೆಗೆ ಕರೆದಾರು ಎಂಬ ದಿಗಿಲು.

"ಚಕ್ರ ತಿರುಗಿಸೋ ಕೊಕ್ಕಿ ಮುರದೈತ್ರಿ," ಎಂದ ಸಿದ್ದಲಿಂಗೇಶ. "ಹೊಸಾದು ನೋಡಾಕ ಹಂಗ ಇರ್ತೈತಿ, ಆದ್ರ ಕೂಡಂಗಿಲ್ಲ. ಕೂದಲೆಳಿ ವ್ಯತ್ಯಾಸ ಆದ್ರೂ ತೂತು ನಳಿಗೀಗೆ ನೇರ ನಿಲ್ಲಂಗಿಲ್ಲ. ಇದೇ ಕಂಪನಿ, ಇದೇ ಕಾಲದ್ದು ಬೇಕು. ಸಿರುಗುಪ್ಪದ ದೊಡ್ಡಬಸವರಾಜ ಅವರದು ಅಂಥಾದ್ದೇ ಒಂದು ಐತಿ, ನಳಿಗಿ ಸೀಳಿ ನಮ್ಮಲ್ಲೇ ಬಿದ್ದೈತಿ. ಅವರು ಬರದು ಕೊಟ್ರ ಅದರ ಕೊಕ್ಕಿ ತಗೀತೀನಿ."

ರಿವಾಲ್ವರನ್ನು ಅಲ್ಲೇ ಬಿಟ್ಟು ಕೊಟ್ರಬಸಪ್ಪ ಸಿರುಗುಪ್ಪದ ಬಸ್ಸು ಹತ್ತಿದ. ದೊಡ್ಡಬಸವರಾಜರು ಒಳ್ಳೆಯವರು, ಚಹಾ ಕುಡಿಸಿ, ಒಪ್ಪಿಗೆ ಚೀಟಿ ಬರೆದು ಸಹಿ ಹಾಕಿದರು. ಹಾಕಿ ನಕ್ಕರು.

"ಸಿದ್ದಲಿಂಗೇಶಂದು ಒಂದು ಚಾಳಿ ಐತಿ ನೋಡ್ರಿ. ಬಿಚ್ಚೋಕಿಂತ ಮೊದ್ಲು ಕಿವಿ ಹತ್ರ ಹಿಡದು ಹತ್ತು ಸಲ ಟ್ರಿಗರ್ ಎಳೀತಾನ. ಸಪ್ಪಳದಾಗ ರೋಗ ಗೊತ್ತಾಗ್ತೈತಂತ."

ಕೊಟ್ರಬಸಪ್ಪ ಚೀಟಿ ಕಸಿದುಕೊಂಡು ಹೊರಗೆ ಓಡಿದ. ಸಿದ್ದಲಿಂಗೇಶನಿಗೆ ಫೋನ್ ಮಾಡಿದ, ರಿಂಗಾಯಿತು, ಎತ್ತಲಿಲ್ಲ. ಮತ್ತೆ ಮಾಡಿದ. ಬಸ್ಸಿನಲ್ಲಿ ಕೂತು ಮತ್ತೆ ಮತ್ತೆ ಮಾಡಿದ. ಸಿರಿಗೇರಿ ಕ್ರಾಸಿನಲ್ಲಿ ಡ್ರೈವರ್ ಬೀಡಿ ಹಚ್ಚಲು ಇಳಿದಾಗ ಅವನಿಗೆ ಅಳುವೇ ಬಂತು. ಠಾಣೆಗೆ ಹೆದರಿ ಒಬ್ಬನ ಜೀವ ತೆಗೆದೆನಲ್ಲ ಎಂದು ತನ್ನನ್ನೇ ಬೈದುಕೊಂಡ. ಹೇಡಿ. ಬೇರೆ ಹೆಸರಿಲ್ಲ ಇಂಥದಕ್ಕೆ.

ಬ್ರೂಸ್‌ಪೇಟೆಯ ಸಂದಿಯಲ್ಲಿ ಜನರನ್ನು ತಳ್ಳಿಕೊಂಡು ಓಡಿದ. ಸಿದ್ದಲಿಂಗೇಶ ಕುರ್ಚಿಯಲ್ಲೇ ಕೂತಿದ್ದ, ಜೀವಂತ.

"ಅದರಾಗ ಗುಂಡು ಐತಿ! ತಪ್ಪಾತು, ಹೇಳಲಿಲ್ಲ!"

"ಗೊತ್ತಾತ್ರಿ. ಕೈಗೆ ತಗೊಂಡ ಕೂಡ್ಲೇ ಹಿಂದಿನ ಸಂದಿನಾಗ ಹಿತ್ತಾಳಿ ಕಾಣಿಸ್ತು. ಅದನ್ನ ತಗಿಯಾಕ ಕುಂತಿದ್ದೆ, ಫೋನ್ ಎತ್ತಲಿಲ್ಲ."

ಅವನ ದನಿಯಲ್ಲಿ ಸಿಟ್ಟಿರಲಿಲ್ಲ. ಅದರಿಂದಲೇ ಕೊಟ್ರಬಸಪ್ಪನಿಗೆ ಹೆಚ್ಚು ಹೆದರಿಕೆಯಾಯಿತು. ಸಿದ್ದಲಿಂಗೇಶ ಗುಂಡನ್ನು ಬೆರಳಲ್ಲಿ ಹಿಡಿದು ಅದರ ಬುಡ ತೋರಿಸಿದ. ನಟ್ಟನಡುವೆ ಸಣ್ಣ ಗುಳಿ ಬಿದ್ದಿತ್ತು.

"ಟ್ರಿಗರ್ ಎಳದಾಗ ಸುತ್ತಿಗಿ ಇದರ ಮ್ಯಾಲೇ ಬಿದ್ದೈತ್ರಿ. ನಿಮ್ಮಪ್ಪಾರ ಕಾಲದ ಮದ್ದು, ಹೊತ್ತಿಲ್ಲ ಅಷ್ಟೆ. ಅವತ್ತು ಯಾರ ಕಡೀಗೆ ಹಿಡದಿದ್ರಿ?"

 ಅವತ್ತು ಕೊಟ್ರಬಸಪ್ಪನ ಮೊಮ್ಮಗಳು ಸುಧಾರಾಣಿ ಎರಡೂ ಕಿವಿ ಮುಚ್ಚಿಕೊಂಡು ನಳಿಗೆಯ ಮುಂದೆ ಮೂರಡಿ ದೂರದಲ್ಲಿ ನಿಂತಿದ್ದಳು. "ಹೊಡಿ ತಾತಾ, ಹೊಡಿ" ಎಂದು ನಗುತ್ತಿದ್ದಳು.