ಎರಡು ಪ್ರತಿ

"ಮತ್ತೆ ಎರಡಾ?" ಗಾಜಿನ ಕಪಾಟಿನೊಳಗೆ ಕೈ ಹಾಕಿದ್ದ ಅಂಗಡಿಯವನು ಹಾಗೇ ತಿರುಗಿ ನೋಡಿದ. "ನಾಲ್ಕು ತಿಂಗಳ ಹಿಂದೆ ತಾನೆ ಇಷ್ಟು ದೊಡ್ಡ ಹಾರ್ಡ್ ಡಿಸ್ಕ್ ಎರಡು ತಗೊಂಡು ಹೋದ್ರಿ. ಅಷ್ಟರಲ್ಲೇ ತುಂಬಿತಾ ಸರ್? ಮನೇಲಿ ಥಿಯೇಟರ್ ಗೀಟರ್ ನಡೆಸ್ತಿದೀರೋ ಹೇಗೆ?"

"ತುಂಬಿತು," ಎಂದ ಭಂಡಾರಿ. ಅದಂತೂ ಸುಳ್ಳಲ್ಲ.

ಭಂಡಾರಿ ಎನ್ನುವುದು ಅವನ ಹೆಸರಲ್ಲ, ಅಕ್ಕ ಇಟ್ಟ ಅಡ್ಡಹೆಸರು. ನಗರಸಭೆಯ ದಾಖಲೆ ಕೋಣೆಯಲ್ಲಿ ಇಪ್ಪತ್ತೆರಡು ವರ್ಷದಿಂದ ಗುಮಾಸ್ತ; ಯಾವ ಕಾಲದ ಕಡತ ಕೇಳಿದರೂ ಕಣ್ಣುಮುಚ್ಚಿಕೊಂಡು ಎಳೆದುಕೊಡುವ ಆಸಾಮಿ. ಮನೆಯಲ್ಲೂ ಅದೇ ಚಟ. ಟಿವಿಯ ಕೆಳಗೆ ಪುಟ್ಟದೊಂದು ಸರ್ವರ್ ಕೂರಿಸಿ, ಬಳಗದವರೆಲ್ಲರ ಫೋಟೋ, ಹಾಡು, ವಿಡಿಯೋ, ಜೊತೆಗೆ ತಾನು ಗುಡ್ಡೆ ಹಾಕಿಕೊಂಡ ಸಿನಿಮಾಗಳು, ಎಲ್ಲವನ್ನೂ ಅದರಲ್ಲಿ ತುಂಬಿಟ್ಟಿದ್ದ. "ನಮ್ಮ ಭಂಡಾರಿ ಹತ್ರ ಇದೆ ಬಿಡಿ," ಎಂದು ಯಾರಾದರೂ ಅಂದರೆ ಸಾಕು, ಒಳಗೊಳಗೇ ಉಬ್ಬಿಹೋಗುತ್ತಿದ್ದ.

"ಅಲ್ಲಾ, ನನ್ನ ಸ್ನೇಹಿತರೊಬ್ಬರದು ಒಂದು ವಿಷಯ," ಎಂದು ಕೌಂಟರಿನ ಮೇಲಿನ ಗೀರೊಂದನ್ನು ಉಗುರಿನಿಂದ ಕೆರೆಯುತ್ತಾ ಶುರುಮಾಡಿದ. "ಅವರೂ ಎರಡು ಡಿಸ್ಕ್ ಹಾಕಿದ್ರು. ಮೊದಲನೇದರಲ್ಲಿ ಇರೋದು ದಿನಾ ಬೆಳಿಗ್ಗೆ ಎರಡನೇದಕ್ಕೂ ತಾನೇ ನಕಲಾಗ್ಬೇಕು, ಹಾಗೆ ಮಾಡಿಟ್ಟಿದ್ರು. ಮೊದಲನೇದು ತುಂಬಿಹೋಯ್ತು. ಹೇಗೂ ಇನ್ನೊಂದರಲ್ಲಿ ಇದೆಯಲ್ಲ ಅಂತ ಇದರಿಂದ ಒಂದಿಷ್ಟು ಅಳಿಸಿದ್ರಂತೆ..."

ಅಂಗಡಿಯವನು ಪೂರ್ತಿ ಕೇಳಲೇ ಇಲ್ಲ, ನಕ್ಕುಬಿಟ್ಟ. "ಅಯ್ಯಯ್ಯೋ! ಮಾರನೇ ದಿನ ಅದರಲ್ಲೂ ಮಾಯ ಅನ್ನಿ!"

"ಹೂಂ."

"ಆಗದೆ ಇನ್ನೇನು ಸರ್? ಇದರ ಹಾಗೇ ಅದೂ ಇರಲಿ ಅಂತ ಅವರೇ ಹೇಳಿದಾರೆ, ಅದು ಚಾಚೂ ತಪ್ಪದೆ ಮಾಡಿದೆ. ಖಾಲಿಯಾದ ಜಾಗದಲ್ಲಿ ಬೇರೆ ಏನಾದ್ರೂ ತುಂಬಿದ್ರಾ?"

"ಸಿನಿಮಾ. ಎರಡರಲ್ಲೂ."

"ಹಾಗಾದ್ರೆ ಮುಗೀತು ಕಥೆ. ಯಾರ ಹತ್ರ ಕೊಟ್ರೂ ವಾಪಸ್ ಬರಲ್ಲ. ಎಂಥಾ ಬುದ್ಧಿವಂತರಪ್ಪಾ! ಏನು ಕೆಲಸ ಅವರದು?"

"ದಾಖಲೆ ನೋಡ್ಕೋತಾರೆ," ಎಂದುಬಿಟ್ಟ ಭಂಡಾರಿ. ಅಂದಮೇಲೆ ನಾಲಿಗೆ ಕಚ್ಚಿಕೊಂಡ. ಅಂಗಡಿಯವನ ನಗು ಅಲ್ಲಿಗೇ ನಿಂತಿತು. ಡಿಸ್ಕಿನ ಡಬ್ಬಿಗಳನ್ನು ಚೀಲಕ್ಕೆ ಹಾಕಿ ಕೊಡುವವರೆಗೂ ಅವನು ತಲೆ ಎತ್ತಲಿಲ್ಲ. ನಕ್ಕಿದ್ದರೇ ವಾಸಿಯಿತ್ತು.

ಅಳಿಸಿದ್ದು ಅಕ್ಕನ ಮೂವತ್ತು ವರ್ಷ. ಅಕ್ಕ ಕಿವಿ ಕೇಳದ ಮಕ್ಕಳ ಶಾಲೆಯಲ್ಲಿ ಟೀಚರಾಗಿದ್ದವಳು. ಒಂದೊಂದು ಮಗುವೂ ಮೊಟ್ಟಮೊದಲು ಸ್ಪಷ್ಟವಾಗಿ ಆಡಿದ ಮಾತನ್ನು ಹಳೇ ಕ್ಯಾಮೆರಾದಲ್ಲಿ ಹಿಡಿದಿಟ್ಟಿದ್ದಳು. ನೂರಾಹನ್ನೆರಡು ಟೇಪು. ಭಂಡಾರಿ ಒಂದು ಇಡೀ ಬೇಸಿಗೆ ಸಂಜೆ ಸಂಜೆ ಕೂತು ಅವನ್ನೆಲ್ಲ ಕಂಪ್ಯೂಟರಿಗೆ ಇಳಿಸಿದ್ದ. ಆಮೇಲೆ ಟೇಪುಗಳಿಗೆ ಬೂಷ್ಟು ಹಿಡಿದಿದೆ, ಎಸೆದುಬಿಡು ಎಂದು ಬೆನ್ನುಬಿದ್ದವನೂ ಅವನೇ. ಅಕ್ಕ ಹಿಂದೆಮುಂದೆ ನೋಡಿದಾಗ, "ಎರಡು ಪ್ರತಿ ಇದೆಯಲ್ಲಕ್ಕಾ, ನನ್ನ ಮೇಲೆ ಅಷ್ಟೂ ನಂಬಿಕೆ ಇಲ್ವಾ?" ಎಂದು ಮುಖ ಊದಿಸಿಕೊಂಡಿದ್ದ. ಅಕ್ಕ ನಕ್ಕು ರಟ್ಟಿನ ಪೆಟ್ಟಿಗೆಗಳನ್ನು ಅವನ ಕೈಗೇ ಕೊಟ್ಟಿದ್ದಳು. ಅವನ್ನು ಕಸದ ಗಾಡಿಗೆ ಹಾಕಿಬಂದದ್ದೂ ಅವನ ಕೈಯೇ.

ಅಷ್ಟೆಲ್ಲ ಮಾಡಿ ಆ ಜಾಗದಲ್ಲಿ ತುಂಬಿಕೊಂಡ ಸಿನಿಮಾಗಳಲ್ಲಿ ಅರ್ಧವನ್ನು ಅವನು ನೋಡಿಯೂ ಇರಲಿಲ್ಲ. ನೋಡದ ಸಿನಿಮಾಗಳು ಈಗ ಎರಡೆರಡು ಪ್ರತಿ ಭದ್ರವಾಗಿದ್ದವು. ನಾಚಿಕೆಗೆಟ್ಟವನು, ಎಂದು ತನ್ನನ್ನೇ ಬೈದುಕೊಂಡ. ಬೈದುಕೊಂಡರೆ ಏನು ಬಂತು?

ಗುರುವಾರ ಅಕ್ಕನ ಫೋನು ಬರದಿದ್ದರೆ ಹೋದದ್ದು ಗೊತ್ತೂ ಆಗುತ್ತಿರಲಿಲ್ಲ. "ಭಾನುವಾರ ಬೀಗರನ್ನ ಕರ್ಕೊಂಡು ಬರ್ತೀನಿ ಕಣೋ, ಮರ್ಯಾದೆಯಾಗಿ ನೋಡ್ಕೋ!" ಎಂದಿದ್ದಳು. ಅಕ್ಕ ತನ್ನ ಶಾಲೆಯ ಮಕ್ಕಳನ್ನೆಲ್ಲ ಅವರವರ ಮೊದಲ ಮಾತಿನಿಂದಲೇ ಕರೆಯುತ್ತಿದ್ದಳು. ಒಬ್ಬ ಚೆಂಡು, ಒಬ್ಬಳು ಹಾಲು, ಇನ್ನೊಬ್ಬ ಬೇಡ. ಆಟದ ಸಾಮಾನಿನ ಕಪಾಟಿಗೆ ಬೆರಳು ತೋರಿಸಿ "ಬೀಗ" ಎಂದಿದ್ದ ಹುಡುಗಿಯನ್ನೇ ಅಕ್ಕ ತಮಾಷೆಗೆ ಬೀಗರು ಎಂದದ್ದು; ಅವಳು ಈಗ ದೊಡ್ಡವಳಾಗಿ ಬ್ರೆಡ್ ಕಾರ್ಖಾನೆಯೊಂದರಲ್ಲಿ ಮೇಲ್ವಿಚಾರಕಿ. ತಾನು ಮಾತಾಡಿದ ಆ ಮೊದಲ ದಿನವನ್ನು ಕಣ್ಣಾರೆ ನೋಡಬೇಕೆಂದು ಅವಳಿಗೆ ಆಸೆಯಾಗಿತ್ತು. ಅಂದು ಪಕ್ಕದಲ್ಲಿ ಕೂತಿದ್ದ ತಾಯಿ ಈಗ ಇಲ್ಲ.

ಹೊಸ ಡಿಸ್ಕುಗಳನ್ನು ಭಂಡಾರಿ ಕೊಂಡದ್ದು ಯಾವುದನ್ನೂ ತುಂಬಿಡಲಿಕ್ಕಲ್ಲ, ಸುಳ್ಳಿಗೆ ಸಾಕ್ಷಿಯಾಗಲಿ ಎಂದು. ಹಳೆಯವೆರಡೂ ಒಟ್ಟಿಗೇ ಕೆಟ್ಟವು, ನೋಡಿ, ಹೊಸದು ತಂದಿದ್ದೇನೆ ಎಂದರೆ ಯಾರು ತಾನೇ ಪ್ರಶ್ನೆ ಮಾಡುತ್ತಾರೆ?

ಭಾನುವಾರ ಹನ್ನೊಂದಕ್ಕೆ ಅವರಿಬ್ಬರೂ ಬಂದರು. ಅಕ್ಕ ಟಿವಿಯ ಎದುರು ಕುರ್ಚಿಗಳನ್ನು ತಾನೇ ಎಳೆದು ಹಾಕಿದಳು. ಬೀಗ ಹಸಿರು ಸೀರೆ ಉಟ್ಟು, ತಲೆ ನೀಟಾಗಿ ಬಾಚಿಕೊಂಡು, ತಾನೇ ಫೋಟೋ ತೆಗೆಸಿಕೊಳ್ಳಲು ಹೊರಟವಳ ಹಾಗೆ ಬಂದಿದ್ದಳು. "ಅಮ್ಮ ಯಾವ ಸೀರೆ ಉಟ್ಟಿದ್ಲು ಅಂತ ನೆನಪೇ ಇಲ್ಲ ಸರ್," ಎಂದಳು. ಒಂದೇ ಸಮನಾದ, ಒತ್ತಿ ಒತ್ತಿ ಆಡುವ ದನಿ. "ಇವತ್ತು ನೋಡ್ತೀನಿ."

ಭಂಡಾರಿ ಮೇಜಿನ ಮೇಲಿನ ಡಬ್ಬಿಗಳನ್ನು ಸುಮ್ಮನೆ ಸರಿಪಡಿಸಿದ. ಅಕ್ಕನ ಕಣ್ಣು ಅವುಗಳ ಮೇಲೆ ಬಿತ್ತು, ಆಮೇಲೆ ತಮ್ಮನ ಮುಖದ ಮೇಲೆ.

"ಏನೋ ಇದು? ಹಳೇದು ಕೆಟ್ಟುಹೋಯ್ತಾ?"

ಅವನು ಡಬ್ಬಿಗಳನ್ನು ಇನ್ನೊಮ್ಮೆ ನೇರ ಮಾಡಿದ.

"ಅಯ್ಯೋ, ಅದಕ್ಯಾಕೆ ಹೀಗೆ ಸಪ್ಪಗಿದೀಯ? ಯಂತ್ರ ತಾನೆ, ಕೆಡುತ್ತೆ. ನಿನ್ನ ತಪ್ಪೇನಿದೆ ಅದರಲ್ಲಿ? ಇನ್ನೊಂದು ಪ್ರತಿ ಇದೆ ಅಂದಿದ್ಯಲ್ಲ, ನಿಧಾನಕ್ಕೆ ಹುಡುಕಿದ್ರಾಯ್ತು."

ಹೂಂ ಅಂದರೆ ಸಾಕಿತ್ತು. ಅಕ್ಕ ತಾನಾಗಿ ಬಾಗಿಲು ತೆರೆದು ಹಿಡಿದಿದ್ದಳು. ಚಿಕ್ಕಂದಿನಲ್ಲಿ ಅವನು ಲೋಟ ಒಡೆದಾಗಲೂ ಅಷ್ಟೇ, ಕೈ ಜಾರಿತೇನೋ ಪಾಪ ಎಂದು ಅವನಿಗಿಂತ ಮೊದಲೇ ಅವಳೇ ಅಂದುಬಿಡುತ್ತಿದ್ದಳು. ಆ ದನಿ ಕೇಳಿದ್ದೇ ಅವನಿಗೆ ಡಬ್ಬಿಗಳನ್ನು ನೋಡಲಾಗಲಿಲ್ಲ.

"ಕೆಟ್ಟಿಲ್ಲಕ್ಕಾ," ಎಂದ, ನೆಲ ನೋಡುತ್ತಾ, ಗಂಟಲಲ್ಲೇ. "ನಾನೇ ಅಳಿಸಿದೆ. ಸಿನಿಮಾಗೆ ಜಾಗ ಬೇಕಿತ್ತು. ಎರಡೂ ಪ್ರತಿ ಹೋಯ್ತು."

ಅಕ್ಕನ ಕೈ ಕುರ್ಚಿಯ ಬೆನ್ನಿನ ಮೇಲೆಯೇ ಉಳಿಯಿತು. ಹೇಳಿಬಿಟ್ಟೆ, ಮುಗಿಯಿತು ಎಂದುಕೊಂಡ ಭಂಡಾರಿ. ಮುಗಿದಿರಲಿಲ್ಲ. ಬೀಗ ಒಮ್ಮೆ ಅಕ್ಕನನ್ನು, ಒಮ್ಮೆ ಅವನನ್ನು ನೋಡಿ, ಬಗ್ಗಿ ಅವನ ಮುಖ ಹುಡುಕುತ್ತಿದ್ದಳು.

"ಸರ್, ಸ್ವಲ್ಪ ಮುಖ ಎತ್ತಿ ಹೇಳಿ," ಎಂದಳು. "ತುಟಿ ಕಾಣಲಿಲ್ಲ."

ಅವನು ಸಹಾಯಕ್ಕೆಂಬಂತೆ ಅಕ್ಕನ ಕಡೆ ನೋಡಿದ. ತಾನೇ ತಿಳಿಸುತ್ತೇನೆ ಎಂದು ಅವಳು ಕೈಸನ್ನೆಗೆ ಬೆರಳು ಎತ್ತಬಹುದಿತ್ತು. ಎತ್ತಲಿಲ್ಲ.

ಭಂಡಾರಿ ಮುಖ ಎತ್ತಿದ. ಕಿಟಕಿಯ ಬೆಳಕು ನೇರ ಮುಖದ ಮೇಲೆ ಬಿತ್ತು. ಒಂದೊಂದೇ ಮಾತನ್ನು, ಬಾಯಿ ಪೂರ್ತಿ ತೆರೆದು, ನಿಧಾನವಾಗಿ ಆಡಬೇಕಾಯಿತು. "ನಾನೇ. ಅಳಿಸಿದೆ. ಸಿನಿಮಾಗೆ. ಜಾಗ. ಬೇಕಿತ್ತು."

ತುಟಿ ನೋಡಿ ತಿಳಿದದ್ದನ್ನು ತಿರುಗಿ ತಾನೊಮ್ಮೆ ಆಡಿ, ಟೀಚರನ್ನು ನೋಡಬೇಕು. ಅಕ್ಕನ ತರಗತಿಯ ಪಾಠ ಅದು. ಅವಳ ಮಕ್ಕಳು ದೊಡ್ಡವರಾದರೂ ಬಿಟ್ಟಿರಲಿಲ್ಲ.

"ನಾನೇ ಅಳಿಸಿದೆ," ಎಂದಳು ಬೀಗ, ಒಂದಕ್ಷರವೂ ತಪ್ಪದೆ. "ಸಿನಿಮಾಗೆ ಜಾಗ ಬೇಕಿತ್ತು." ಹೇಳಿ, ತಾನು ಓದಿದ್ದು ತಪ್ಪಿರಲಿ ಎನ್ನುವ ಹಾಗೆ ಅಕ್ಕನ ಕಡೆ ತಿರುಗಿದಳು.

ಅಕ್ಕ ಸರಿ ಎಂದು ತಲೆಯಾಡಿಸಿದಳು.

ಬೀಗ ಮತ್ತೆ ಅವನ ಕಡೆಗೆ ತಿರುಗಿದಳು. ಅವನು ಇನ್ನೂ ಏನೋ ಹೇಳಲಿಕ್ಕಿರಬೇಕು ಎಂದು, ಸೆರಗನ್ನು ಮಡಿಲಲ್ಲಿ ಹಿಡಿದುಕೊಂಡು, ಅವನ ತುಟಿಯನ್ನೇ ನೋಡುತ್ತ ಕೂತಳು. ಭಂಡಾರಿ ಮುಖ ತಗ್ಗಿಸಲಿಲ್ಲ.