ಸಾಲಿನ ಕೊನೆಯಲ್ಲಿ ಏಳುವ ಎಡಗೈ

ರೆಕಾರ್ಡಿಂಗಿನ ಕೆಂಪು ಚುಕ್ಕೆ ಹೊತ್ತಿಕೊಂಡಿತು, ಪರದೆಯ ಮೇಲೆ ನೆಟ್ಟಗಿನ ಗೆರೆಯೊಂದು ಎಡದಿಂದ ಬಲಕ್ಕೆ ಹೊರಟಿತು, ಹೆಡ್‌ಫೋನಿನಲ್ಲಿ ಟಕ್, ಟಕ್, ಟಕ್ — ಈ ಟಕ್ ಟಕ್ ನನಗೆ ಹೊಸದೇನಲ್ಲ, ಮೂವತ್ತೊಂದು ವರ್ಷ ಕೋರ್ಟಿನ ಟೈಪಿಂಗ್ ಕೋಣೆಯಲ್ಲಿ ಹನ್ನೆರಡು ಮೆಷಿನ್ನುಗಳ ನಡುವೆ ಕೂತವಳನ್ನು ಒಂದು ಕಂಪ್ಯೂಟರು ಟಕ್ ಅಂದು ಹೆದರಿಸುತ್ತದೆಯೇ, ಆದರೂ ಬೆರಳು ಏಳುತ್ತಿಲ್ಲ, ಗೆರೆ ತನ್ನಷ್ಟಕ್ಕೆ ಹೋಗುತ್ತಿದೆ, ನಿಲ್ಲಿಸು, ಮೊದಲಿನಿಂದ. ಮೂರೂಕಾಲು. ನಾಲ್ಕಕ್ಕೆ ತಮ್ಮ ಪೆನ್‌ಡ್ರೈವ್ ಹಿಡಿದು ಬರುತ್ತಾನೆ, ಅವನ ನಾಟಕದ ತಂಡಕ್ಕೆ ಇವತ್ತೇ ಶುರುವಿನ ಸಂಗೀತ ಕೊಡಬೇಕು, ಟ್ಯೂನು ನನ್ನದು, ನಾನೇ ಕಟ್ಟಿದ್ದು, ಆದರೆ ಬೆಳಿಗ್ಗೆ ಅವನು ಹೇಳಿ ಹೋದದ್ದೇನು, ಅಕ್ಕಾ, ಟ್ಯೂನ್ ಚೆನ್ನಾಗಿದೆ, ಕೈ ಮಾತ್ರ ನಿಂದು ಬೇಡ, ನಾನು ಸರಿ ಮಾಡಿಟ್ಟಿದೀನಿ, ಅದನ್ನೇ ಕೊಡೋಣ, ಇಲ್ಲಾಂದ್ರೆ ನಾನೇ ನುಡಿಸ್ತೀನಿ. ಕೈ ನಿಂದು ಬೇಡ. ಈ ಕೈಯ ಅನ್ನ ತಿಂದೇ ದೊಡ್ಡವನಾದ, ಆಗ ಬೇಕಿತ್ತು.

ಪ್ರೀತಿಯಿಂದಲೇ ಮಾಡಿದ್ದಾನೆ, ಅದೇ ಕಷ್ಟ, ಕೋಪದಿಂದ ಮಾಡಿದ್ದರೆ ಒಂದು ಮಾತಿನಲ್ಲಿ ಮುಗಿಯುತ್ತಿತ್ತು. ನಾಲ್ಕು ತಿಂಗಳ ಹಿಂದೆ ತನ್ನ ಹಳೆಯ ಕೀಬೋರ್ಡನ್ನು ತಂದು ಊಟದ ಮೇಜಿನ ಮೇಲಿಟ್ಟವನೂ ಅವನೇ, ಹೊತ್ತು ಹೋಗತ್ತೆ ಇಟ್ಕೊ ಅಂತ, ನನ್ನ ಹತ್ತಿರ ಹೊತ್ತು ಎಷ್ಟಿದೆ ಎಂದು ಯಾರೂ ಕೇಳುವುದಿಲ್ಲ, ಅರವತ್ತೊಂದು ಆಯಿತು. ತಮ್ಮನ ಮಗ ಫೋನಿನಲ್ಲೇ ಹೇಳಿಕೊಟ್ಟ, ಅತ್ತೆ, ಆ ತಂತಿ ಕಂಪ್ಯೂಟರಿಗೆ ಹಾಕಿ, ಹಾಂ, ಈಗ ಕೆಂಪು ಚುಕ್ಕೆ ಒತ್ತಿ, ನುಡಿಸಿ, ಒತ್ತಿದೆ, ನುಡಿಸಿದೆ, ಒಂದು ಮಧ್ಯಾಹ್ನ ಪೂರ್ತಿ, ಆಮೇಲೆ ಹಾಕಿ ಕೇಳಿದರೆ ಫ್ಯಾನಿನ ಗೊರಗೊರ, ನನ್ನ ಕೆಮ್ಮು, ಬೀದಿಯಲ್ಲಿ ತರಕಾರಿಯವನ ಕೂಗು, ಅದರ ಹಿಂದೆ ಬಾವಿಯೊಳಗಿಂದ ಬಂದ ಹಾಗೆ ನನ್ನ ಟ್ಯೂನು — ಅಯ್ಯೋ ಅತ್ತೆ, ಮೈಕಲ್ಲಿ ರೆಕಾರ್ಡ್ ಆಗ್ಬಿಟ್ಟಿದೆ, ಕೀಬೋರ್ಡ್ ಆರಿಸ್ಕೋಬೇಕಿತ್ತು. ಆರಿಸಿಕೊಂಡೆ. ಆಮೇಲೆ ನೋಡಿದರೆ, ಈಗ ಒತ್ತಿದ್ದಕ್ಕೆ ಇನ್ಯಾವಾಗಲೋ ಸದ್ದು, ಕಿವುಡರ ಜೊತೆ ಮಾತಾಡಿದ ಹಾಗೆ, ಅದಕ್ಕೂ ಕಂಪ್ಯೂಟರಿನಲ್ಲಿ ಎಲ್ಲೋ ಒಂದು ಸಂಖ್ಯೆ ಇತ್ತು, ಅದನ್ನು ಇಳಿಸಿದೆ, ಸರಿಹೋಯಿತು. ಕಲಿಯುವುದು ಅಂದರೆ ಇಷ್ಟೇ, ಕೆಲಸಕ್ಕೆ ಸೇರಿದ ಮೊದಲ ವಾರ ಎರಡು ಬಣ್ಣದ ರಿಬ್ಬನ್ನನ್ನು ತಲೆಕೆಳಗಾಗಿ ಹಾಕಿ ಇಡೀ ಪುಟ ಕೆಂಪಗೆ ಹೊಡೆದಿದ್ದೆ, ಹೆಡ್ ಕ್ಲರ್ಕು ಕನ್ನಡಕ ಏರಿಸಿ, ಏನಮ್ಮ, ತೀರ್ಪಿಗೇ ಗಾಯ ಮಾಡಿದೀಯಲ್ಲ, ಕೋಣೆಯೆಲ್ಲ ನಕ್ಕಿತು, ಮರುವರ್ಷದಿಂದ ತುರ್ತಿನ ಕಾಗದ ಅಂದರೆ ನನ್ನ ಮೇಜಿಗೇ ಬರುತ್ತಿತ್ತು.

ಆದರೆ ಈ ಎಡಗೈ. ಬೆಳಿಗ್ಗೆ ತಮ್ಮ ನನ್ನ ರೆಕಾರ್ಡಿಂಗ್ ಕೇಳಿ ಮೂಗು ಮುರಿದ, ಅಕ್ಕಾ, ಪ್ರತಿ ಸಾಲು ಮುಗಿದ ಮೇಲೆ ಒಂದು ಗುಂಡಿ ಬೀಳ್ತಿದೆ, ಒಂದೂವರೆ ಎಣಿಕೆ ಖಾಲಿ, ಏನ್ ಮಾಡ್ತೀಯ ಆಗ, ನುಡಿಸು ನೋಡೋಣ, ನುಡಿಸಿದೆ, ಸಾಲಿನ ಕೊನೆಗೆ ಎಡಗೈ ತಾನಾಗಿ ಮೇಲೆದ್ದಿತು, ಭುಜದ ಎತ್ತರಕ್ಕೆ, ಇಲ್ಲದ ಹಿಡಿಕೆಯನ್ನು ಹುಡುಕಿ ಗಾಳಿಯನ್ನು ಬಲಕ್ಕೆ ತಳ್ಳಿ ಮತ್ತೆ ಇಳಿಯಿತು. ಅವನು ಹೊಟ್ಟೆ ಹಿಡಿದುಕೊಂಡು ನಕ್ಕ, ನಾನೂ ನಕ್ಕೆ, ನಗುವಂಥದ್ದೇ, ಸಾಲು ಮುಗಿಯುವ ಮುಂಚೆ ಟೈಪಿಂಗ್ ಮೆಷಿನ್ನು ಟಿಣ್ ಅನ್ನುತ್ತದೆ, ಟಿಣ್ ಆದ ಮೇಲೆ ಐದಾರು ಅಕ್ಷರಕ್ಕೆ ಜಾಗ, ಆಮೇಲೆ ಎಡಗೈ ಎದ್ದು ಹಿಡಿಕೆ ತಳ್ಳಿದರೆ ಹೊಸ ಸಾಲು, ನಿವೃತ್ತಿಯಾದದ್ದು ನಾನು, ಕೈಗೆ ಯಾರೂ ಆದೇಶ ಕೊಟ್ಟಿಲ್ಲ. ಅವನು ಮೌಸ್ ಹಿಡಿದು ಆ ಸಂದುಗಳನ್ನೆಲ್ಲ ಕತ್ತರಿಸಿ, ತುಂಡುಗಳನ್ನು ಎಳೆದು ಕೂಡಿಸಿ, ಒಂದೊಂದು ಸ್ವರವನ್ನೂ ಟಕ್ಕಿನ ಮೇಲೆ ಕೂರಿಸಿ, ನನ್ನದರ ಮೇಲೆಯೇ ಉಳಿಸಿ ಹೋದ, ಹಳೆಯದು ಈಗಿಲ್ಲ. ಹಾಕಿ ಕೇಳಿದೆ. ತಪ್ಪಿಲ್ಲ. ಉಸಿರು ಬಿಡದೆ ಪಾಠ ಒಪ್ಪಿಸಿದ ಹಾಗೆ ಮುಗಿದೇ ಹೋಯಿತು. ಟ್ಯೂನು ಹುಟ್ಟಿದ್ದೇ ಆ ಖಾಲಿಯಲ್ಲಿ ಎಂದು ಅವನಿಗೆ ಹೇಗೆ ಹೇಳಲಿ — ಕೈ ಮೇಲಿದ್ದಷ್ಟು ಹೊತ್ತು ಮಾತ್ರ ಆ ಕೋಣೆಯಲ್ಲಿ ನಾನು ಬೇರೆಯವರ ಮಾತು ಹೊಡೆಯುತ್ತಿರಲಿಲ್ಲ, ಅಷ್ಟರಲ್ಲೇ ಒಳಗೊಂದು ಗುನುಗು, ಒಂದೊಂದೇ ತುಣುಕು, ಮೂವತ್ತೊಂದು ವರ್ಷ.

ಅರ್ಜಿ ಇವರದ್ದು, ತೀರ್ಪು ಅವರದ್ದು, ಸಹಿ ಇನ್ನೊಬ್ಬರದ್ದು, ಪುಟದ ಕೆಳಗೆ ಎಡಮೂಲೆಯಲ್ಲಿ ನನ್ನ ಹೆಸರಿನ ಎರಡು ಪುಟ್ಟ ಅಕ್ಷರ, ತಪ್ಪಾದರೆ ಯಾರನ್ನು ಕರೆಸಬೇಕೆಂದು ತಿಳಿಯಲು, ಸರಿಯಿದ್ದಾಗ ಯಾರೂ ಆ ಮೂಲೆ ನೋಡಲಿಲ್ಲ. ಈ ಟ್ಯೂನನ್ನಾದರೂ ನೋಡಲಿ, ಗುಂಡಿ ಸಮೇತ. ನಾಟಕದವರು ನಗ್ತಾರೆ ಅಕ್ಕಾ ಅಂತಾನೆ — ನಗಲಪ್ಪ, ನಾಟಕ ಆಡುವುದೇ ಜನ ನಗಲಿ ಅಳಲಿ ಅಂತ, ಅಳಿಸಲೇ ಎಂದು ಕಂಪ್ಯೂಟರು ಕೇಳುತ್ತಿದೆ, ತಮ್ಮ ಸರಿಮಾಡಿದ್ದನ್ನು, ಅಳಿಸು, ನಾಲ್ಕು ಕಾರ್ಬನ್ ಪ್ರತಿಯ ಕೊನೇ ಸಾಲಿನಲ್ಲಿ ಒಂದಕ್ಷರ ತಪ್ಪಿದರೆ ಐದೂ ಹಾಳೆ ಕಿತ್ತೆಸೆದು ಮೊದಲಿನಿಂದ ಕೂತವಳು ನಾನು, ಇದೇನು ಮಹಾ. ಆ ಟಕ್ ಟಕ್ ಕೂಡ ಬೇಡ, ಎಲ್ಲಿದೆ ಅದರ ಬಟನ್ನು, ಇಲ್ಲಿ, ಆರಿತು, ಈಗ ಕಿವಿಯಲ್ಲಿ ನನ್ನದೇ ಉಸಿರು. ಕೆಂಪು ಚುಕ್ಕೆ. ಮೊದಲ ಸಾಲು, ಬೆರಳುಗಳಿಗೆ ದಾರಿ ಗೊತ್ತು, ಎಡಗೈ ಎದ್ದಿತು, ಏಳಲಿ, ಇಳಿಯಿತು, ಎರಡನೆಯ ಸಾಲು, ಪರದೆಯ ಮೇಲೆ ಪುಟ್ಟ ಇಟ್ಟಿಗೆಗಳ ಹಾಗೆ ಸ್ವರಗಳು, ನಡುವೆ ಖಾಲಿ, ಖಾಲಿಯೂ ಕಾಣುತ್ತಿದೆ, ಮೂರನೆಯದು, ಒಂದು ಸ್ವರ ಜಾರಿತು, ಜಾರಲಿ, ನಾಲ್ಕನೆಯದು, ಕೊನೆಯದು, ಅರ್ಧ ದಾಟಿದೆ — ಟಿಣ್. ಬಾಗಿಲ ಗಂಟೆ. ನಾಲ್ಕಿನ್ನೂ ಆಗಿಲ್ಲ, ಬೇಗ ಬಂದಿದ್ದಾನೆ, ಅಕ್ಕಾ, ಬಾಗಿಲು ತೆಗಿ, ನಾನು ಸರಿ ಮಾಡಿದ್ದನ್ನೇ ಕೊಡೋದು ತಾನೆ, ಇರೋ, ತಂತಿಯೊಳಕ್ಕೆ ಬಾಗಿಲಿನ ಸದ್ದು ಬರುವುದಿಲ್ಲ, ನಿಂತಿರು, ಟಿಣ್ ಆದ ಮೇಲೆ ಐದು ಸ್ವರಕ್ಕೆ ಜಾಗ, ಒಂದು, ಎರಡು, ಮೂರು, ನಾಲ್ಕು, ಐದು — ಟ್ಯೂನು ಮುಗಿಯಿತು, ಎಡಗೈ ಮೇಲೆ, ಚುಕ್ಕೆ ಇನ್ನೂ ಕೆಂಪಗಿದೆ, ಮತ್ತೆ ಟಿಣ್, ಎಡಗೈ ಮೇಲೆ, ಭುಜದ ಎತ್ತರಕ್ಕೆ, ಹಿಡಿಕೆಯಿಲ್ಲದ ಗಾಳಿಯಲ್ಲಿ, ಎಡಗೈ —