ಫ್ರೀ ಇದ್ದವಳು

ಇಂಡಿ ಊರಿನಲ್ಲಿ ಎಲ್ಲರಿಗೂ ಬಿಡುವು ಸಿಕ್ಕೀತು, ಫ್ರೀ ಎಂಬ ಶಬ್ದಕ್ಕೆ ಮಾತ್ರ ಸಿಗುವುದಿಲ್ಲ. ಸೋಪಿನ ಜೊತೆ ಚಮಚ ಫ್ರೀ, ಹೆಣ್ಣುಮಕ್ಕಳಿಗೆ ಬಸ್ಸು ಫ್ರೀ. ಔಷಧಿ ಕುಡಿದ ಕೂಸಿನ ಹೊಟ್ಟೆ ಫ್ರೀ ಆಗುತ್ತದೆ, ಎಣ್ಣೆ ಬಿಟ್ಟ ಸೈಕಲ್ಲಿನ ಗಾಲಿ ಫ್ರೀ ತಿರುಗುತ್ತದೆ. ಹೆಣ್ಣು ನೋಡಲು ಬಂದವರು "ನಾಚಬ್ಯಾಡವ್ವಾ, ಫ್ರೀಯಾಗಿ ಮಾತಾಡು" ಎಂದು ಹೇಳಿ ಹುಡುಗಿಯ ಬಾಯಿ ಕಟ್ಟಿಸಿಬಿಡುತ್ತಾರೆ. ಇಷ್ಟೆಲ್ಲ ದುಡಿಯುವ ಶಬ್ದವನ್ನು ಕಸ್ತೂರೆವ್ವನ ಅಣ್ಣನ ಮಕ್ಕಳು ಮಾತ್ರ ಒಂದೇ ಕೆಲಸಕ್ಕೆ ಇಟ್ಟುಕೊಂಡಿದ್ದರು.

"ಅತ್ತಿ, ನೀ ಹೆಂಗೂ ಫ್ರೀ ಅದಿ."

ಕಸ್ತೂರೆವ್ವನಿಗೆ ಮಕ್ಕಳಿಲ್ಲ, ಗಂಡ ತೀರಿಕೊಂಡು ಬಹಳ ವರ್ಷವಾಯಿತು. ಇಂಡಿಯ ಸಣ್ಣ ಮನೆಯಲ್ಲಿ ಅವಳು, ಹಿಂದಿನ ತಗಡಿನ ಕೆಳಗೆ ಅವಳ ಎಮ್ಮೆ. ಇಂಥವಳು ಫ್ರೀ ಅಲ್ಲದೆ ಮತ್ತೇನು ಎಂದು ಮನೆತನದವರೆಲ್ಲ ಅವಳನ್ನು ಕೇಳದೆಯೇ ತೀರ್ಮಾನ ಮಾಡಿಬಿಟ್ಟಿದ್ದರು. ಅಣ್ಣನ ಮಕ್ಕಳಲ್ಲಿ ಸಿಂದಗಿಯ ಸುನಂದಾ ಹಡೆದಳು, ಬಾಣಂತನಕ್ಕೆ ಕಸ್ತೂರೆವ್ವ ಹೋದಳು. ಮುದ್ದೇಬಿಹಾಳದ ಪ್ರಿಯದರ್ಶಿನಿಗೆ ಬ್ಯಾಂಕಿನ ನೌಕರಿ, ಅವಳ ಕೂಸು ಹಿಡಿಯಲು ಮತ್ತೆ ಕಸ್ತೂರೆವ್ವನೇ ಬೇಕು. ಬಸವನ ಬಾಗೇವಾಡಿಯ ಅನಿಲನ ಮನೆಯವರಿಗೆ ಅತ್ತೆಯ ಕೈಯ ಶಾವಿಗೆ, ಹಪ್ಪಳ ಇಲ್ಲದೆ ಬೇಸಿಗೆಯೇ ಕಳೆಯುವುದಿಲ್ಲ. ಬಸ್ಸು ಫ್ರೀ ಆದ ಮೇಲಂತೂ ಕೇಳುವುದೇ ಬೇಡ. ಮೊದಲು ಟಿಕೀಟಿನ ದುಡ್ಡು ಕೊಡಬೇಕಲ್ಲ ಎಂದಾದರೂ ಹಿಂದೆಮುಂದೆ ನೋಡುತ್ತಿದ್ದರು, ಈಗ ಅದೂ ಹೋಯಿತು. ಅವಳು ಹೋದಾಗಲೆಲ್ಲ ಎಮ್ಮೆ ಹಿಂಡುವ ಪಾಳಿ ಪಕ್ಕದ ಮನೆಯ ಸುಗ್ರಾಳದು. ಸುಗ್ರಾ ಬಟ್ಟೆ ಹೊಲಿಯುತ್ತಾಳೆ.

ಈ ಓಡಾಟದಲ್ಲೇ ಕಸ್ತೂರೆವ್ವನ ಎರಡೂ ಕಣ್ಣಿಗೆ ಪೊರೆ ಬಂದಿತ್ತು. ಒಂದು ದಿನ ಮುದ್ದೇಬಿಹಾಳದಲ್ಲಿ ಕೂಸಿಗೆ ಎರೆಯುವಾಗ ಬಕೀಟಿನ ಮೇಲಿನ ಹಬೆ ಕಾಣದೆ ಕೈ ಅದ್ದಿ ಸುಟ್ಟುಕೊಂಡಳು. ಆ ನೀರು ಕೂಸಿನ ಮೈಮೇಲೆ ಬಿದ್ದಿದ್ದರೆ ಎಂದು ನೆನೆದು, ಕಣ್ಣು ತೋರಿಸಲೇಬೇಕೆಂದು ಗಟ್ಟಿ ಮಾಡಿದಳು. ವಿಜಯಪುರದ ಒಂದು ದವಾಖಾನೆಯಲ್ಲಿ ಕಣ್ಣಿನ ಫ್ರೀ ಕ್ಯಾಂಪು ನಡೆಯುತ್ತಿತ್ತು. ಅಲ್ಲಿ ಆಪರೇಷನ್ನಿಗೆ ಕೊಟ್ಟ ಒಂದು ತಾರೀಖು ಸುನಂದಾಳ ಬಾಣಂತನಕ್ಕೆ ಹೋಯಿತು, ಇನ್ನೊಂದು ಅನಿಲನ ಹಪ್ಪಳಕ್ಕೆ ಹೋಯಿತು. ಈ ಸಲ ಡಾಕ್ಟರು ಖಡಾಖಡಿ ಹೇಳಿದರು.

"ಪೊರಿ ಬಲತ ಬಿಟ್ಟೈತಿ ಆಯಿ. ಇನ್ನ ತಡಾ ಮಾಡಿದ್ರ ಕಣ್ಣ ಹೋಗ್ತಾವ. ಗುರುವಾರ ಬರ್ರಿ. ಜೋಡಿ ಒಬ್ಬರು ಬರಬೇಕು, ಇಲ್ಲಂದ್ರ ಒಳಗ ತಗೊಳ್ಳಂಗಿಲ್ಲ."

ಕಸ್ತೂರೆವ್ವ ಜನ್ಮದಲ್ಲಿ ಯಾರನ್ನೂ ಬಾ ಎಂದು ಕರೆದವಳಲ್ಲ. ಏನೆಂದು ಕೇಳಬೇಕೆಂದು ಎಮ್ಮೆಗೆ ಮೇವು ಹಾಕುತ್ತ ಬಾಯಿಪಾಠ ಮಾಡಿಕೊಂಡು ಸುನಂದಾಳಿಗೆ ಫೋನು ಹಚ್ಚಿದಳು.

"ಗುರುವಾರ ಫ್ರೀ ಅದಿಯೇನವ್ವಾ?"

"ಅಯ್ಯ ಅತ್ತಿ, ಹುಡುಗರ ಪರೀಕ್ಷಾ ನಡದಾವ. ಅವರನ್ನ ಬಿಟ್ಟು ಹೆಂಗ ಬರ್ಲಿ?"

ಪ್ರಿಯದರ್ಶಿನಿಗೆ ರಜೆ ಉಳಿದಿರಲಿಲ್ಲ. ಅನಿಲ ಬಹಳ ಅಕ್ಕರೆಯಿಂದ ಮಾತಾಡಿ, "ಆಪರೇಷನ್ ಫ್ರೀ ಏನ್ ಅತ್ತಿ? ಭಾಳ ಚಲೋ ಆತ ಬಿಡು" ಎಂದ. ತನಗೂ ತನ್ನ ಹೆಂಡತಿಗೂ ಅಂದು ಫ್ರೀ ಇಲ್ಲ ಎಂಬುದನ್ನು ಆಮೇಲೆ ಹೇಳಿದ. ಯಾರೂ ಸುಳ್ಳು ಹೇಳಲಿಲ್ಲ, ಎಲ್ಲರಿಗೂ ಕೆಲಸವಿತ್ತು. ಕಸ್ತೂರೆವ್ವನಿಗೆ ಸಿಟ್ಟು ಬಂದಿದ್ದರೆ ಚಲೋ ಇತ್ತು. ಬಂದದ್ದು ನಾಚಿಕೆ. ಕೇಳಬಾರದ್ದನ್ನು ಕೇಳಿದೆನೇನೋ ಎಂದು ಫೋನು ಕೆಳಗಿಟ್ಟು ಎಮ್ಮೆಗೆ ನೀರು ಕುಡಿಸಲು ಎದ್ದಳು.

ಬುಧವಾರ ಸಂಜೆ ಹಾಲಿಗೆ ಬಂದ ಸುಗ್ರಾ ವಿಷಯ ತೆಗೆದಳು.

"ನಾಳಿ ನಿನ್ನ ಜೋಡಿ ಯಾರು ಬರಾಕತ್ತಾರಕ್ಕಾ?"

"ಯಾರೂ ಫ್ರೀ ಇಲ್ಲ."

"ನನ್ನ ಯಾಕ ಕೇಳಲಿಲ್ಲ?"

"ನೀ ಎಲ್ಲಿ ಫ್ರೀ ಅದಿ? ಲಗ್ನದ ಸೀಜನ್."

"ಫ್ರೀ ಇಲ್ಲ," ಎಂದಳು ಸುಗ್ರಾ. "ಮದುಮಗಳ ಜಂಪರ್ ಶುಕ್ರವಾರ ಕೊಡೂದೈತಿ, ತೋಳ ಸೈತ ಹಚ್ಚಿಲ್ಲ. ಮುಂಜಾನಿ ಮೊದಲ್ನೇ ಬಸ್ಸಿಗೆ ಹೋಗೂಣು. ಎಮ್ಮಿ ನಮ್ಮ ಮನಿಯವ್ರು ಹಿಂಡ್ತಾರ. ಒದಸ್ಕೊಂಡ್ರ ಒದಸ್ಕೊಳ್ಳಿ."

ಕಸ್ತೂರೆವ್ವ ಒಳಗೆ ಹೋಗಿ ದವಾಖಾನೆಯ ಚೀಟಿ ಹುಡುಕಿ ಚೀಲದಲ್ಲಿ ಇಟ್ಟುಕೊಂಡಳು.

ಮರುದಿನ ಬಸ್ಸಿನಲ್ಲಿ ಸುಗ್ರಾ ಕಿಟಕಿಯ ಬೆಳಕಿಗೆ ಆ ಜಂಪರನ್ನು ತೊಡೆಯ ಮೇಲೆ ಹರವಿಕೊಂಡು ಕೈಹೊಲಿಗೆ ಹಾಕತೊಡಗಿದಳು. ಬಸ್ಸು ಜಿಗಿದಾಗೊಮ್ಮೆ ಬೆರಳಿಗೆ ಸೂಜಿ ಚುಚ್ಚಿಸಿಕೊಂಡು ರಸ್ತೆ ಮಾಡಿದವನನ್ನು ಬೈಯುತ್ತಿದ್ದಳು. ಕಸ್ತೂರೆವ್ವನಿಗೆ ಸೂಜಿ ಕಾಣುತ್ತಿರಲಿಲ್ಲ, ಏಳುವ ಇಳಿಯುವ ಕೈ ಮಾತ್ರ ಮಸುಕಾಗಿ ಕಾಣುತ್ತಿತ್ತು. ನೋಡುತ್ತ ನೋಡುತ್ತ, ತಾನಾದರೂ ಫ್ರೀ ಇದ್ದದ್ದು ಯಾವಾಗ ಎಂದು ಲೆಕ್ಕ ಹಾಕಿದಳು. ಸಿಂದಗಿಗೆ ಹೋದಾಗ ಎಮ್ಮೆ ಇಂದೋ ನಾಳೆಯೋ ಈಯುವಂತಿತ್ತು. ಮುದ್ದೇಬಿಹಾಳಕ್ಕೆ ಹೋದಾಗ ಸೋರುವ ಮಾಳಿಗೆಯ ಕೆಳಗೆ ಬೋಗುಣಿ ಇಟ್ಟು ಹೋಗಿದ್ದಳು. ಬಾಗೇವಾಡಿಗೆ ಕಣ್ಣನ್ನೇ ಬಿಟ್ಟು ಹೋದಳು. ಫ್ರೀ ಇದ್ದ ಒಂದು ದಿನವೂ ನೆನಪಿಗೆ ಬರಲಿಲ್ಲ. ಅವಳಿಗೆ ತನ್ನ ಮೇಲೇ ಅಯ್ಯೋ ಅನಿಸಿತು.

ಅಷ್ಟರಲ್ಲಿ ಸುನಂದಾಳ ಫೋನು ಬಂತು.

"ಅತ್ತಿ, ಆಪರೇಷನ್ ಆದಮ್ಯಾಲ ಹೆಂಗೂ ಸುಮ್ನ ಕುಂದರಾಕಿ ನೀ. ಸಿಂದಗಿಗೇ ಬಂದಬಿಡು. ನಮ್ಮ ನಾದಿನಿ ಹಡಿಯಾಕ ಬರಾಕತ್ತಾಳ. ಫ್ರೀ ಇರ್ತಿ ಅಲ್ಲ?"

"ಇಲ್ಲವ್ವಾ. ಫ್ರೀ ಇಲ್ಲ."

ಅತ್ತೆಯ ಬಾಯಿಂದ ಇಂಥದ್ದು ಎಂದೂ ಕೇಳದ ಸುನಂದಾ, "ಮತ್ತ ಬ್ಯಾರೆ ಯಾರು ಫ್ರೀ ಅದಾರ ಅತ್ತಿ?" ಎಂದಳು.

"ಫ್ರೀ ಇದ್ದಾವ್ರು ಯಾರೂ ಬರಂಗಿಲ್ಲವ್ವಾ," ಎಂದಳು ಕಸ್ತೂರೆವ್ವ. "ಕೈಯಾನ ಕೆಲಸ ಬಿಟ್ಟು ಬರಾಕಿ ಯಾರರ ಇದ್ರ ನೋಡ್ಕೊ. ನನಗ ಒಬ್ಬಾಕಿ ಸಿಕ್ಕಾಳ."